ನಾಲ್ವರ ಮುಂದೆ ಒಂದು ಬ್ಯೂರೆಟ್

ಬಿ.ಎಸ್‌ಸಿ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಅಂದರೆ ನಮ್ಮ ಕಾಲೇಜುಗಳಲ್ಲಿ ಇವತ್ತಿಗೂ ಮೂರೇ ಮಾತು: ರೀಡಿಂಗ್, ರೆಕಾರ್ಡ್, ವೈವಾ. ರೀಡಿಂಗ್ ಸರಿ ಬರಬೇಕು, ರೆಕಾರ್ಡ್ ಅಂದವಾಗಿರಬೇಕು, ವೈವಾದಲ್ಲಿ ತಡವರಿಸಬಾರದು. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ವರ್ಷಗಟ್ಟಲೆ ನಾನು ಕಲಿಸಿದ್ದೂ ಇದನ್ನೇ. ಈಗ ನಿವೃತ್ತಳಾಗಿ ಕೂತು ಯೋಚಿಸಿದರೆ, ನನ್ನ ವಿದ್ಯಾರ್ಥಿಗಳ ಮುಂದಿನ ಬದುಕಿಗೆ ಹೆಚ್ಚು ಒದಗಿಬಂದದ್ದು ಸಿಲಬಸ್ಸಿನಲ್ಲಿ ಒಂದು ಸಾಲೂ ಇಲ್ಲದ ಕೆಲವು ಸಂಗತಿಗಳು ಅನ್ನಿಸುತ್ತದೆ. ಕೆಲಸ ಹಂಚಿಕೊಳ್ಳುವುದು, ಕಂಡದ್ದನ್ನು ಕಂಡ ಹಾಗೇ ಬರೆಯುವುದು, ಜೊತೆಯವರ ತಪ್ಪನ್ನು ಅವರ ಮನಸ್ಸು ನೋಯದಂತೆ ಹೇಳುವುದು, ಅರ್ಧಕ್ಕೆ ನಿಂತ ಕೆಲಸವನ್ನು ಇನ್ನೊಬ್ಬರ ಕೈಗೆ ಸರಿಯಾಗಿ ಒಪ್ಪಿಸುವುದು. ಇವೆಲ್ಲ ಹುಟ್ಟುಗುಣ, ಕಲಿಸಿ ಬರುವಂಥದ್ದಲ್ಲ ಎನ್ನುವವರಿದ್ದಾರೆ. ಕಲಿಸಿದರೆ ಬರುತ್ತದೆ, ಕಲಿಸಲು ಪ್ರಯೋಗಾಲಯಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ನಮ್ಮ ಲ್ಯಾಬ್ ದೊಡ್ಡದೇನಲ್ಲ. ಉದ್ದನೆಯ ಕಡಪಾ ಕಲ್ಲಿನ ಬೆಂಚುಗಳು, ನಡುವೆ ಗಾಜಿನ ಬಾಟಲುಗಳ ಸ್ಟ್ಯಾಂಡು, ಮೂಲೆಯ ಕೋಣೆಯಲ್ಲಿ ಕಿಪ್ಸ್ ಉಪಕರಣ. ಸಾಲ್ಟ್ ಅನಾಲಿಸಿಸ್ ಇರುವ ದಿನ ಅದರ ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ ಪ್ರಿನ್ಸಿಪಾಲರ ಕೊಠಡಿಯವರೆಗೂ ಹೋಗುತ್ತಿತ್ತು. ಇಡೀ ಬ್ಯಾಚಿಗೆ ಒಂದೇ ಡಿಜಿಟಲ್ ತಕ್ಕಡಿ. ಮಧ್ಯಾಹ್ನದ ಪ್ರಾಕ್ಟಿಕಲ್ ಶುರುವಾದ ಕೂಡಲೇ ಅದರ ಮುಂದೆ ಸಾಲು ನಿಲ್ಲುತ್ತಿತ್ತು. ಒಬ್ಬ ತೂಕ ಮಾಡುವಾಗ ಉಳಿದವರೆಲ್ಲ ಕೈಕಟ್ಟಿ ನಿಂತಿರುತ್ತಿದ್ದರು. ಬ್ಯೂರೆಟ್ ತೊಳೆಯುವುದು, ದ್ರಾವಣ ತುಂಬುವುದು, ಕೋಷ್ಟಕ ಎಳೆಯುವುದು ಎಲ್ಲವೂ ತೂಕ ಆದಮೇಲೆಯೇ. ಕೊನೆಯ ಅರ್ಧ ಗಂಟೆಯಲ್ಲಿ ಗಡಿಬಿಡಿ, ಪಕ್ಕದವರ ಪುಸ್ತಕ ಇಣುಕುವುದು, ರೀಡಿಂಗ್ ಹೊಂದಿಸುವುದು.

ಜೋಡಿಗಳಿದ್ದವು, ಇಲ್ಲವೆಂದಲ್ಲ. ರೋಲ್ ನಂಬರ್ ಪ್ರಕಾರ ಇಬ್ಬಿಬ್ಬರು. ಆದರೆ ಜೋಡಿಯಾಗಿ ನಿಂತ ಮಾತ್ರಕ್ಕೆ ಒಟ್ಟಿಗೆ ದುಡಿದಂತಾಗುವುದಿಲ್ಲ. ಹುಡುಗ ಹುಡುಗಿ ಜೋಡಿಯಾದರೆ ಬ್ಯೂರೆಟ್ಟಿನ ತಿರುಪು ಹುಡುಗನ ಕೈಯಲ್ಲಿ, ಪೆನ್ನು ಹುಡುಗಿಯ ಕೈಯಲ್ಲಿ. ಇಂಗ್ಲಿಷ್ ಮಾಧ್ಯಮದವರು ಮಾತಾಡುತ್ತಿದ್ದರು, ಕನ್ನಡ ಮಾಧ್ಯಮದಿಂದ ಬಂದವರು ಗಾಜು ತೊಳೆಯುತ್ತಿದ್ದರು. ಯಾರೂ ಹೇಳಿಕೊಡದೆ, ಯಾರೂ ಪ್ರಶ್ನಿಸದೆ ಆಗಿಬಿಡುವ ಈ ಹಂಚಿಕೆ ನನ್ನನ್ನು ಬಹಳ ಕಾಡಿತು. ಮೂರು ವರ್ಷ ಓದಿ ಪದವಿ ಪಡೆದ ಹುಡುಗಿಯೊಬ್ಬಳು ಬಣ್ಣ ಬದಲಾಗುವ ಆ ಹನಿಯನ್ನು, ಎಂಡ್ ಪಾಯಿಂಟನ್ನು, ತನ್ನ ಕೈಯಿಂದ ಒಮ್ಮೆಯೂ ಹಿಡಿಯದೆ ಹೊರಗೆ ಹೋಗುವುದು ಅನ್ಯಾಯ.

ಲ್ಯಾಬಿನ ಕೆಲಸವನ್ನು ಗುಂಪಿನಲ್ಲಿ ಹೊಣೆ ಹಂಚಿ ಮಾಡಿಸಬೇಕೆಂಬ ಯೋಚನೆ ಹೊಸದೇನಲ್ಲ ಎಂದು ಓದುತ್ತಾ ಹೋದಂತೆ ತಿಳಿಯಿತು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿದ್ದ ಮೆಲನಿ ಕೂಪರ್ 1990ರ ದಶಕದಲ್ಲೇ ಪದವಿ ತರಗತಿಯ ರಸಾಯನ ಪ್ರಯೋಗಗಳನ್ನು ಸಹಕಾರದ ತಳಹದಿಯ ಮೇಲೆ ಮರುರೂಪಿಸಿದ್ದರು. ಹಂತಹಂತವಾಗಿ ಅಡುಗೆ ಪುಸ್ತಕದ ಹಾಗೆ ಮಾಡುವ ಪ್ರಯೋಗದ ಬದಲು, ಗುಂಪಿಗೆ ಒಂದು ಸಮಸ್ಯೆ ಕೊಟ್ಟು ದಾರಿಯನ್ನು ಅವರೇ ಹುಡುಕುವಂತೆ ಬಿಡುವುದು ಅವರ ಕ್ರಮ. ಅದೇ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರ ಅಧ್ಯಾಪಕರೇ ಬೆಳೆಸಿದ ಪೋಗಿಲ್ ಎಂಬ ಪದ್ಧತಿಯಲ್ಲಿ ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ಹೊಣೆ ಇರುತ್ತದೆ. ಅಮೆರಿಕನ್ ಕೆಮಿಕಲ್ ಸೊಸೈಟಿ ಪದವಿ ಕೋರ್ಸುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಸುರಕ್ಷತೆ, ಸಂವಹನ, ತಂಡದ ಕೆಲಸ, ವೃತ್ತಿನೀತಿ ಇವೆಲ್ಲ ವಿಷಯಜ್ಞಾನದ ಜೊತೆಗೇ ಕಲಿಸಬೇಕಾದವು ಎಂದಿದೆ. ಇನ್ನೂ ಹಿಂದೆ ಹೋದರೆ, 1824ರಲ್ಲಿ ಜರ್ಮನಿಯ ಗೀಸೆನ್‌ಗೆ ಬಂದ ಲೀಬಿಗ್ ಹಳೆಯ ಸೈನಿಕ ವಸತಿಯೊಂದರಲ್ಲಿ ಪ್ರಯೋಗಾಲಯ ತೆರೆದು ಹುಡುಗರಿಗೆ ಕೈಕೆಲಸ ಕಲಿಸಿದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ಹಿಂದಿನ ದಿನ ಏನು ಮಾಡಿದೆ ಎಂದು ಬೆಳಗ್ಗೆ ಅವರಿಗೆ ವರದಿ ಒಪ್ಪಿಸಬೇಕಿತ್ತು. ನಾವು ಇಂದು ನಡೆಸುವ ಪ್ರಾಕ್ಟಿಕಲ್ ತರಗತಿಯ ಮೂಲವೇ ಅಲ್ಲಿದೆ. ಬೆಂಚು, ಕೈಕೆಲಸ ನಮಗೆ ಬಂದವು. ಬೆಳಗಿನ ಆ ವರದಿ ಮಾತ್ರ ದಾರಿಯಲ್ಲೆಲ್ಲೋ ಉಳಿದುಹೋಯಿತು.

ನಾನು ಶುರು ಮಾಡಿದ್ದು ಸರಳವಾಗಿ. ನಾಲ್ವರ ಗುಂಪು, ನಾಲ್ಕು ಹೊಣೆ. ಒಬ್ಬರು ಮುಂದಾಳು: ಕೆಲಸದ ಕ್ರಮ, ಸಮಯ, ಸುರಕ್ಷತೆ ಅವರದು. ಒಬ್ಬರು ಅಳೆಯುವವರು. ಒಬ್ಬರು ಬರೆಯುವವರು. ಇನ್ನೊಬ್ಬರು ಪರಿಶೀಲಿಸುವವರು: ಬರೆದ ರೀಡಿಂಗನ್ನು ನೋಡದೆ ಬ್ಯೂರೆಟ್ಟನ್ನು ತಾನೇ ಓದಿ ಹೇಳಬೇಕು, ಎರಡೂ ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ವಾರ ಬದಲಾದಂತೆ ಹೊಣೆಯೂ ಬದಲು. ಗುಂಪು ಮಾಡುವುದನ್ನು ಅವರಿಗೆ ಬಿಡಲಿಲ್ಲ. ಸ್ನೇಹಿತರೇ ಒಂದಾದರೆ ಉಳಿದವರು ಉಳಿದೇ ಹೋಗುತ್ತಾರೆ. ಒಂದು ಗುಂಪಿನಲ್ಲಿ ಒಬ್ಬಳೇ ಹುಡುಗಿ ಸಿಕ್ಕಿಕೊಳ್ಳದಂತೆಯೂ ನೋಡಿಕೊಂಡೆ, ಏಕೆಂದರೆ ಒಬ್ಬಳೇ ಇದ್ದರೆ ಪೆನ್ನು ಮತ್ತೆ ಅವಳ ಕೈಗೇ ಬರುತ್ತಿತ್ತು. ಪ್ರಯೋಗಕ್ಕೆ ಕೈ ಹಾಕುವ ಮುನ್ನ ಹತ್ತು ನಿಮಿಷ ಕೂತು ಯಾರು, ಏನು, ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದು ನನಗೆ ತೋರಿಸಬೇಕು. ಈ ಹಾಳೆ ಬಂದ ಮೇಲೆ ತಕ್ಕಡಿಯ ಮುಂದೆ ಎಲ್ಲರೂ ಕೈಕಟ್ಟಿ ಕಾಯುವುದು ತಪ್ಪಿತು. ಒಬ್ಬಳು ಸಾಲಿನಲ್ಲಿ ನಿಂತಿರುವಾಗ ಇನ್ನೊಬ್ಬ ಬ್ಯೂರೆಟ್ ತೊಳೆದು, ದ್ರಾವಣದಿಂದ ಒಮ್ಮೆ ಜಾಲಾಡಿ, ಗಾಳಿಗುಳ್ಳೆ ತೆಗೆದು ಸಿದ್ಧವಾಗಿರುತ್ತಿದ್ದ.

ಮೊದಲಿಗೆ ಗೊಣಗಾಟ ಇತ್ತು. ಆದರೆ ಹಳ್ಳಿಯಿಂದ ಬಂದ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. ಮುಯ್ಯಾಳು ಅಂದರೆ ಏನೆಂದು ಅವರಿಗೆ ಗೊತ್ತಿತ್ತು. ಇವತ್ತು ನಿಮ್ಮ ಗದ್ದೆಯಲ್ಲಿ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ಯಾರೂ ಲೆಕ್ಕದ ಪುಸ್ತಕ ಇಡುವುದಿಲ್ಲ, ಆದರೂ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಇವತ್ತು ನಿನ್ನ ಬ್ಯೂರೆಟ್ಟನ್ನು ಅವಳು ಓದುತ್ತಾಳೆ, ಮುಂದಿನ ವಾರ ಅವಳದನ್ನು ನೀನು ಓದಬೇಕು ಎಂದಾಗ ಯಾರಿಗೂ ಅದು ಹೊರೆ ಅನ್ನಿಸಲಿಲ್ಲ.

ಇಡೀ ಕ್ರಮ ಕೈಗೂಡಿದ್ದು ನೀರಿನ ಗಡಸುತನ ಅಳೆಯುವ ಪ್ರಯೋಗದಲ್ಲಿ. ಲ್ಯಾಬಿನಲ್ಲಿ ಮಾಡಿಟ್ಟ ದ್ರಾವಣ ಕೊಡುವ ಬದಲು, ಗುಂಪುಗಳು ತಾವೇ ತಂದ ನೀರನ್ನು ಪರೀಕ್ಷಿಸಬೇಕು ಎಂದು ಹೇಳಿದೆ. ಯಾರದೋ ಮನೆಯ ಬೋರ್‌ವೆಲ್, ಬೀದಿ ನಲ್ಲಿ, ಊರ ಕೆರೆ. ವಿಧಾನ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಗೊತ್ತಿರುವುದೇ. 50 ಮಿಲಿಲೀಟರ್ ನೀರು, ಪಿಎಚ್ 10ರ ಅಮೋನಿಯಾ ಬಫರ್, ಚಿಟಿಕೆಯಷ್ಟು ಎರಿಯೋಕ್ರೋಮ್ ಬ್ಲ್ಯಾಕ್ ಟಿ. ಬ್ಯೂರೆಟ್ಟಿನಲ್ಲಿ 0.01 ಮೋಲಾರ್ ಇಡಿಟಿಎ. ದ್ರಾಕ್ಷಾರಸದ ಕೆಂಪು ಬಣ್ಣ ಮೊದಲು ನೇರಳೆಗೆ ತಿರುಗಿ, ಕೊನೆಯ ಹನಿಗೆ ಅಪ್ಪಟ ನೀಲಿಯಾಗಬೇಕು. ಆ ನೇರಳೆಯಲ್ಲೇ ನಿಲ್ಲಿಸುವವರು ಬಹಳ ಜನ. ಒಂದು ಮಿಲಿಲೀಟರ್ ಇಡಿಟಿಎ ಅಂದರೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಒಂದು ಲೀಟರಿನ ಲೆಕ್ಕಕ್ಕೆ ಏರಿಸಿದರೆ ಉತ್ತರ.

ಒಂದು ಗುಂಪಿಗೆ ಬೋರ್‌ವೆಲ್ ನೀರಿನ ಮೊದಲ ರೀಡಿಂಗ್ 24.6 ಬಂತು. ಎರಡನೆಯದೂ 24.6. ಮೂರನೆಯದು 18.2. ಅಳೆಯುತ್ತಿದ್ದ ಹುಡುಗ, "ಇದನ್ನ ಬಿಡು, ಇನ್ನೊಂದು ಸಲ ಮಾಡ್ತೀನಿ, ಬರೀಬೇಡ" ಅಂದ. ಬರೆಯುವ ಹೊಣೆ ಹೊತ್ತ ಹುಡುಗಿ ಮೆಲ್ಲಗೆ, ಆದರೆ ಗಟ್ಟಿಯಾಗಿ, "ಬರ್ದಾಗಿದೆ" ಅಂದಳು. ಸ್ವಲ್ಪ ಹೊತ್ತು ಜಗಳ. ನಾನು ಪಕ್ಕದ ಬೆಂಚಿನ ಹತ್ತಿರ ನಿಂತಿದ್ದೆ, ಬಾಯಿ ಹಾಕಲಿಲ್ಲ. ಪರಿಶೀಲಿಸುವವನು ಬ್ಯೂರೆಟ್ ನೋಡಿ 18.2 ಸರಿಯೇ ಇದೆ, ಬಣ್ಣವೂ ಸರಿಯಾದ ನೀಲಿ ಅಂದ. ಹಾಗಿದ್ದರೆ ತಪ್ಪು ಎಲ್ಲಿ? ಮುಂದಾಳು ಹುಡುಗಿ ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಹೋದಳು: ಪಿಪೆಟ್ ಯಾವುದು, ಫ್ಲಾಸ್ಕ್ ತೊಳೆದಿತ್ತೇ, ಬಫರ್ ಹಾಕಿತ್ತೇ, ನೀರು ಯಾವ ಕ್ಯಾನಿನದು. ಬೆಂಚಿನ ಕೆಳಗೆ ಎರಡು ಕ್ಯಾನುಗಳಿದ್ದವು. ಇಂಕಿನಲ್ಲಿ ಬರೆದ ಚೀಟಿಗಳು ಒದ್ದೆ ಕೈ ತಾಗಿ ಅಳಿಸಿಹೋಗಿದ್ದವು. ಮೂರನೆಯ ಸಲ ಪಿಪೆಟ್ ಇಳಿದದ್ದು ನಲ್ಲಿ ನೀರಿನ ಕ್ಯಾನಿಗೆ.

ಅವರ ನೋಟ್‌ಬುಕ್ಕಿನ ಆ ಪುಟ ನನ್ನ ಕಣ್ಣಿಗೆ ಕಟ್ಟಿದಂತಿದೆ. 18.2ರ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಂಕಿ ಸ್ಪಷ್ಟವಾಗಿ ಕಾಣುವ ಹಾಗೆ. ಪಕ್ಕದಲ್ಲಿ "ಬೇರೆ ಕ್ಯಾನಿನ ನೀರು" ಎಂಬ ಟಿಪ್ಪಣಿ, ಬರೆದವಳ ಇನಿಷಿಯಲ್, ತಾರೀಖು. ಅದರ ಕೆಳಗೆ ಮತ್ತೆ 24.6. ಮುಂದಿನ ವಾರದಿಂದ ಎಲ್ಲ ಗುಂಪುಗಳೂ ಕ್ಯಾನಿಗೆ ಟೇಪ್ ಅಂಟಿಸಿ ಪೆನ್ಸಿಲ್ಲಿನಲ್ಲಿ ಬರೆಯತೊಡಗಿದವು. ಆ ನಿಯಮವನ್ನು ನಾನು ಮಾಡಲಿಲ್ಲ, ಅವರೇ ಮಾಡಿಕೊಂಡರು. ಒಂದು ರೀಡಿಂಗನ್ನು ಸದ್ದಿಲ್ಲದೆ ಕೈಬಿಟ್ಟಿದ್ದರೆ ಉತ್ತರವೇನೋ ಅದೇ ಬರುತ್ತಿತ್ತು. ಎರಡು ಕ್ಯಾನುಗಳು ಅದಲುಬದಲಾದದ್ದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ.

ಉತ್ತರ ಲೀಟರಿಗೆ 492 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಗಡಸುತನ 200ರೊಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗುಂಪು ಈ ವರದಿಯನ್ನು ಆ ಬೋರ್‌ವೆಲ್ಲಿನ ಮನೆಯವರಿಗೆ ತಲುಪಿಸಿ ವಿವರಿಸಬೇಕು ಎಂಬುದು ಪ್ರಯೋಗದ ಕೊನೆಯ ಭಾಗ. ಮನೆಯಾಕೆ ಅಂಕಿಯನ್ನು ಕೇಳಲೇ ಇಲ್ಲ. ಬೇಳೆ ಯಾಕೆ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಯಾಕೆ ಕೂರುತ್ತದೆ, ಕುದಿಸಿದರೆ ಸರಿಹೋಗುತ್ತದಾ ಎಂದು ಕೇಳಿದರು. ತಾತ್ಕಾಲಿಕ ಗಡಸುತನ ಕುದಿಸಿದರೆ ಹೋಗುತ್ತದೆ, ಪಾತ್ರೆಯಲ್ಲಿ ಕೂರುವ ಬಿಳಿಯೇ ಅದು, ಶಾಶ್ವತ ಗಡಸುತನ ಕುದಿಸಿದರೂ ಉಳಿಯುತ್ತದೆ ಎಂದು ಆಕೆಗೆ ತಿಳಿಯುವ ಹಾಗೆ ಹೇಳಿದವನು, ವೈವಾದಲ್ಲಿ ಬಾಯಿಯೇ ಬಿಡದಿದ್ದ ಒಬ್ಬ ಕನ್ನಡ ಮಾಧ್ಯಮದ ಹುಡುಗ.

ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಕಾಲೇಜುಗಳಲ್ಲಿ ಸಾಫ್ಟ್ ಸ್ಕಿಲ್ಸ್ ಹೆಸರಿನಲ್ಲಿ ತರಬೇತಿಗಳು ನಡೆಯುತ್ತವೆ. ಹೊರಗಿನಿಂದ ಬಂದವರು ಪರದೆಯ ಮೇಲೆ ಚಿತ್ರ ತೋರಿಸಿ, ಕೈಕುಲುಕುವುದು ಹೇಗೆ, ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುವುದು ಹೇಗೆ ಎಂದು ಕಲಿಸಿ ಹೋಗುತ್ತಾರೆ. ಇಂಗ್ಲಿಷ್ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವೃತ್ತಿಯ ಶಿಸ್ತನ್ನೂ ಇಂಗ್ಲಿಷ್ ಮಾತುಗಾರಿಕೆಯನ್ನೂ ಒಂದೇ ಎಂದು ಮಕ್ಕಳು ನಂಬಿಬಿಟ್ಟರೆ, ಅರ್ಧ ತರಗತಿ ತಾನು ಯಾವುದಕ್ಕೂ ಲಾಯಕ್ಕಿಲ್ಲ ಎಂದುಕೊಂಡು ಹಿಂದಿನ ಬೆಂಚಿಗೆ ಸರಿಯುತ್ತದೆ. ನನ್ನ ಲ್ಯಾಬಿನಲ್ಲಿ ಗುಂಪಿನ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಬಹುದಿತ್ತು. ಬರಹ ಮಾತ್ರ ಪರೀಕ್ಷೆಯ ಭಾಷೆಯಲ್ಲಿ. ಮೊದಲು ಕನ್ನಡದಲ್ಲಿ ವಾದ ಮಾಡಿ ಗೆದ್ದ ಹುಡುಗರು ಆಮೇಲೆ ಇಂಗ್ಲಿಷಿನಲ್ಲೂ ಬಾಯಿ ಬಿಟ್ಟರು.

ಸುರಕ್ಷತೆಯ ವಿಷಯದಲ್ಲಿ ತಂಡದ ಕೆಲಸ ಅಂದರೆ ಪ್ರಾಣದ ಮಾತು. ಸಾವಯವ ವಿಶ್ಲೇಷಣೆಯಲ್ಲಿ ಲಸಾಯ್ನ್ ಪರೀಕ್ಷೆ ಮಾಡಿದವರಿಗೆಲ್ಲ ಇದು ಗೊತ್ತು. ಸೀಮೆಎಣ್ಣೆಯಲ್ಲಿಟ್ಟ ಸೋಡಿಯಂ ತುಂಡನ್ನು ಫಿಲ್ಟರ್ ಪೇಪರಿನಲ್ಲಿ ಒರೆಸಿ, ಪುಟ್ಟ ಗಾಜಿನ ನಳಿಕೆಯಲ್ಲಿ ವಸ್ತುವಿನ ಜೊತೆ ಕೆಂಪಗೆ ಕಾಯಿಸಿ, ಹಾಗೇ ನೀರಿನ ಬಟ್ಟಲಿಗೆ ಇಳಿಸಬೇಕು. ನಳಿಕೆ ಸಿಡಿಯುತ್ತದೆ. ಒಬ್ಬರು ಇಕ್ಕಳ ಹಿಡಿದರೆ ಇನ್ನೊಬ್ಬರು ತಂತಿ ಬಲೆಯನ್ನು ಬಟ್ಟಲಿನ ಮೇಲೆ ಮುಚ್ಚಲು ಸಿದ್ಧರಿರಬೇಕು. ಇಳಿಸುವ ಮುನ್ನ ಸುತ್ತಲಿನವರಿಗೆ ಕೇಳುವ ಹಾಗೆ "ಇಳಿಸ್ತಿದ್ದೀನಿ" ಎಂದು ಹೇಳಲೇಬೇಕು ಎಂಬ ನಿಯಮ ಇಟ್ಟಿದ್ದೆ. ಜೊತೆಗೆ ಇನ್ನೊಂದು ನಿಯಮ: ಅಪಾಯ ಕಂಡವರು ಯಾರೇ ಆಗಲಿ, ಎದುರಿಗಿರುವವರು ಯಾರೇ ಆಗಲಿ, "ನಿಲ್ಲಿಸಿ" ಅನ್ನಬಹುದು. ಅಂದ ಕೂಡಲೇ ಎಲ್ಲರ ಕೈ ನಿಲ್ಲಬೇಕು. ಕಾರಣವನ್ನು ಆಮೇಲೆ ಕೇಳೋಣ.

ಒಮ್ಮೆ, ತರಗತಿಯಲ್ಲಿ ಎಲ್ಲರಿಗಿಂತ ಜೋರಿನ ಹುಡುಗನೊಬ್ಬ ಬೆಂಚು ಒರೆಸುವ ಭರದಲ್ಲಿ, ಸೋಡಿಯಂ ಚೂರುಗಳಿದ್ದ ಫಿಲ್ಟರ್ ಪೇಪರನ್ನು ಮುದುರಿಕೊಂಡು ಸಿಂಕಿನ ಕಡೆ ನಡೆದ. ಮಾತೇ ಆಡದ ಹುಡುಗಿಯೊಬ್ಬಳು ಲ್ಯಾಬಿನ ಆ ತುದಿಯಿಂದ "ನಿಲ್ಸೂ" ಎಂದು ಕೂಗಿದಳು. ಅವನು ನಿಂತ. ಸಿಂಕಿನಲ್ಲಿ ನೀರಿತ್ತು. ನೀರು ತಾಗಿದ್ದರೆ ಹೈಡ್ರೋಜನ್ ಹೊತ್ತಿಕೊಂಡು ಅವನ ಮುಖದ ಹತ್ತಿರವೇ ಉರಿಯುತ್ತಿತ್ತು. ಆ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ನಿಧಾನವಾಗಿ ಕರಗಿಸಿದೆವು. ಆ ದಿನದ ನಂತರ ಅವಳ ಮಾತಿಗೆ ಆ ಬ್ಯಾಚಿನಲ್ಲಿ ಬೆಲೆ ಬಂತು.

ಅಪಘಾತಗಳ ಚರಿತ್ರೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಕಾರ್ಖಾನೆಯ ಟ್ಯಾಂಕಿನಲ್ಲಿದ್ದ ಮೀಥೈಲ್ ಐಸೊಸಯನೇಟಿಗೆ ನೀರು ಸೇರಿ ವಿಷಾನಿಲ ಸೋರಿತು. ಆ ಟ್ಯಾಂಕನ್ನು ತಂಪಾಗಿಡಬೇಕಿದ್ದ ವ್ಯವಸ್ಥೆಯನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅದರ ಹಿಂದಿರುವ ರಸಾಯನಶಾಸ್ತ್ರವನ್ನು ಪದವಿ ವಿದ್ಯಾರ್ಥಿಯೂ ಬರೆಯಬಲ್ಲ. ಸಾವಿರಾರು ಜನರನ್ನು ಕೊಂದದ್ದು, ಕೆಟ್ಟದ್ದನ್ನು ಸರಿಪಡಿಸದೆ, ಕಂಡದ್ದಕ್ಕೆ ಬೆಲೆ ಕೊಡದೆ ಕೆಲಸ ಮುಂದುವರಿಸಿದ ರೀತಿ. 2018ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ನಡೆದ ಸ್ಫೋಟದಲ್ಲಿ ಸಂಶೋಧಕರೊಬ್ಬರು ತೀರಿಕೊಂಡು ಮೂವರು ಗಾಯಗೊಂಡರು. ಎಷ್ಟು ದೊಡ್ಡ ಸಂಸ್ಥೆಯಾದರೂ ಪ್ರಯೋಗಾಲಯದಲ್ಲಿ ಒಬ್ಬರ ಜೀವ ಇನ್ನೊಬ್ಬರ ಎಚ್ಚರದ ಮೇಲೆ ನಿಂತಿರುತ್ತದೆ.

ರೆಕಾರ್ಡ್ ಪುಸ್ತಕದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಚೂರು ಕಾಗದದ ಮೇಲೆ ರೀಡಿಂಗ್ ಗೀಚಿ, ಮನೆಗೆ ಹೋಗಿ ಬಣ್ಣದ ಪೆನ್ಸಿಲ್ ಹಿಡಿದು ಅಂದವಾದ ರೆಕಾರ್ಡ್ ಬರೆಯುವ ಪದ್ಧತಿ ಇದೆ. ಅಂಕ ಹೋಗುವುದು ಆ ಅಂದಕ್ಕೆ. ಔಷಧ ಕಂಪನಿಗಳ ಗುಣಮಟ್ಟ ವಿಭಾಗದಲ್ಲಿ ಇದೇ ದೊಡ್ಡ ಅಪರಾಧ. ಅಲ್ಲಿ ಅಲ್ಕೋವಾ ಎಂಬ ಸೂತ್ರ ನಡೆಯುತ್ತದೆ: ಬರೆದವರು ಯಾರೆಂದು ತಿಳಿಯಬೇಕು, ಬರಹ ಓದಲು ಬರಬೇಕು, ಕೆಲಸ ನಡೆದ ಹೊತ್ತಿನಲ್ಲೇ ಬರೆದಿರಬೇಕು, ಅದೇ ಮೂಲ ಪ್ರತಿಯಾಗಿರಬೇಕು, ನಿಖರವಾಗಿರಬೇಕು. ಜಿಗಣಿಯ ಕಡೆ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ನನ್ನ ವಿದ್ಯಾರ್ಥಿಯೊಬ್ಬ ಮೊದಲ ವಾರವೇ ಫೋನ್ ಮಾಡಿ, "ಮೇಡಂ, ಇಲ್ಲಿ ವೈಟ್ನರ್ ಒಳಗೆ ತರೋ ಹಾಗೇ ಇಲ್ಲ. ತಪ್ಪಾದ್ರೆ ಒಂದೇ ಗೆರೆ, ಸೈನ್, ಡೇಟ್. ನಮ್ಮ ಲ್ಯಾಬ್ ಥರಾನೇ" ಎಂದ. 2013ರಲ್ಲಿ ಔಷಧ ಕಂಪನಿ ರ್‍ಯಾನ್‌ಬ್ಯಾಕ್ಸಿಯ ಅಮೆರಿಕದ ಶಾಖೆ ಕಲಬೆರಕೆ ಔಷಧಿ ತಯಾರಿಕೆ ಮತ್ತು ಅಲ್ಲಿನ ಔಷಧ ನಿಯಂತ್ರಕರಿಗೆ ಸುಳ್ಳು ಮಾಹಿತಿ ಕೊಟ್ಟ ಆರೋಪವನ್ನು ಒಪ್ಪಿಕೊಂಡು, ಒಟ್ಟು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ರೀಡಿಂಗ್ ಹೊಂದಿಸುವುದನ್ನು ಕಂಡೂ ಕಾಣದಂತೆ ಬಿಡುವ ನಾವು, ಸುಳ್ಳು ಅಂಕಿಯ ಮೊದಲ ಪಾಠವನ್ನು ನಮ್ಮ ಬೆಂಚಿನಲ್ಲೇ ಮಾಡುತ್ತಿದ್ದೇವೆ. ಹಾಗಾಗಿ ನಾನು ಚೂರು ಕಾಗದವನ್ನು ನಿಲ್ಲಿಸಿ, ಹೊಲಿದ ನೋಟ್‌ಬುಕ್ಕಿನಲ್ಲೇ ನೇರವಾಗಿ ಬರೆಸಿದೆ. ಆಸಿಡ್ ಕಲೆ ಬಿದ್ದ ಪುಟಕ್ಕೆ ಪೂರ್ತಿ ಅಂಕ ಕೊಟ್ಟೆ.

ಅಂಕದ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. "ಅವನು ಏನೂ ಮಾಡಲ್ಲ ಮೇಡಂ, ಅಂಕ ಮಾತ್ರ ನಮ್ಮಷ್ಟೇ" ಎಂಬ ದೂರು ಗುಂಪು ಕೆಲಸ ಇರುವ ಕಡೆಯೆಲ್ಲ ಇದ್ದೇ ಇರುತ್ತದೆ, ಅದು ನ್ಯಾಯವಾದ ದೂರು. ಇಂಟರ್ನಲ್ ಅಂಕವನ್ನು ಮೂರು ಪಾಲು ಮಾಡಿದೆ. ವರದಿಗೆ ಎಲ್ಲರಿಗೂ ಒಂದೇ ಅಂಕ. ಆ ವಾರದ ಹೊಣೆಯನ್ನು ನಿಭಾಯಿಸಿದ್ದಕ್ಕೆ ಅವರವರ ಅಂಕ. ಮೂರನೆಯದು ಬಾಯಿಮಾತಿನ ಪ್ರಶ್ನೆಗೆ: ಗುಂಪಿನ ಯಾರನ್ನಾದರೂ ಕರೆದು, ಇನ್ನೊಬ್ಬರು ಮಾಡಿದ ಕೆಲಸದ ಬಗ್ಗೆ ಕೇಳುವುದು. ಅಳೆದವನನ್ನು ಲೆಕ್ಕದ ಬಗ್ಗೆ, ಬರೆದವಳನ್ನು ಎಂಡ್ ಪಾಯಿಂಟಿನ ಬಗ್ಗೆ. ಇದರಿಂದ ಗೊತ್ತಿರುವವರು ಗೊತ್ತಿಲ್ಲದವರಿಗೆ ಕಲಿಸತೊಡಗಿದರು. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಜೊತೆಯವರ ಬಗ್ಗೆ ಎರಡು ಸಾಲು ಬರೆಯಬೇಕಿತ್ತು: ಯಾವುದು ನೆರವಾಯಿತು, ಯಾವುದು ಬದಲಾಗಬೇಕು. ಕೆಲಸ ಮಾಡದೆ ದಿನ ತಳ್ಳುವವರು ಪೂರ್ತಿ ಇಲ್ಲವಾಗಲಿಲ್ಲ. ಆದರೆ ಅವರಲ್ಲಿ ಹಲವರು ಸೋಮಾರಿಗಳಲ್ಲ, ಕೈ ಹಾಕಲು ಹೆದರುವವರು ಎಂಬುದು ಆ ಸಾಲುಗಳಿಂದಲೇ ತಿಳಿಯಿತು. ಗಾಜು ಒಡೆದರೆ ದಂಡ ಕಟ್ಟಬೇಕಲ್ಲ ಎಂಬ ಭಯ. ಮನೆಯ ಕಷ್ಟ ಬಲ್ಲ ಮಕ್ಕಳಿಗೆ ಒಂದು ಪಿಪೆಟ್ಟಿನ ಬೆಲೆಯೂ ಸಣ್ಣದಲ್ಲ.

ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಕೌಶಲದ ಹೆಸರಿನಲ್ಲಿ ಹೊಸ ಪತ್ರಿಕೆಗಳು ಸೇರಿದವು. 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮ ಇನ್ನೊಮ್ಮೆ ಬದಲಾಯಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಪ್ರಾಕ್ಟಿಕಲ್ ತರಗತಿ ಮಾತ್ರ ಎಲ್ಲ ನೀತಿಗಳಲ್ಲೂ ಇದ್ದೇ ಇದೆ. ವಾರದಲ್ಲಿ ಒಂದು ಮಧ್ಯಾಹ್ನ ನಿಜವಾದ ಕೆಲಸ, ನಿಜವಾದ ಅಪಾಯ, ನಿಜವಾದ ಜೊತೆಗಾರರು ಸಿಗುವ ಇಂಥ ಅವಕಾಶ ಇನ್ಯಾವ ವಿಷಯದ ತರಗತಿಯಲ್ಲಿದೆ? ಕೌಶಲಕ್ಕೆಂದು ಬೇರೆ ಪತ್ರಿಕೆ, ಬೇರೆ ಗಂಟೆ, ಹೊರಗಿನ ತರಬೇತುದಾರ ಬೇಕಿಲ್ಲ.

ಈಗ ಲ್ಯಾಬಿನಲ್ಲಿರುವ ಕಿರಿಯ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಸೆಮಿಸ್ಟರಿನಲ್ಲಿ ಒಂದೇ ಒಂದು ಪ್ರಯೋಗವನ್ನಾದರೂ ನಾಲ್ವರ ಗುಂಪಿಗೆ ಹೊಣೆ ಹಂಚಿ ಮಾಡಿಸಿ. ಹೊಣೆಯನ್ನು ತಪ್ಪದೆ ತಿರುಗಿಸಿ. ಗೆರೆ ಎಳೆದು ತಿದ್ದಿದ ಪುಟಕ್ಕೆ ಅಂಕ ಕೊಡಿ, ಹೊಂದಿಸಿದ ಪುಟಕ್ಕೆ ಕೊಡಬೇಡಿ. ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳಲ್ಲಿರುವ ಹಿರಿಯರಲ್ಲಿ ಇನ್ನೊಂದು ಮಾತು: ಪ್ರಾಕ್ಟಿಕಲ್ ಪರೀಕ್ಷೆಯ ಅಂಕಗಳಲ್ಲಿ ಒಂದು ಪಾಲನ್ನು ನೋಟ್‌ಬುಕ್ಕಿನ ಪ್ರಾಮಾಣಿಕತೆಗೆ, ಸುರಕ್ಷತೆಗೆ, ಜೊತೆಗೂಡಿ ಮಾಡಿದ ಕೆಲಸಕ್ಕೆ ಎಂದು ಬರವಣಿಗೆಯಲ್ಲೇ ಮೀಸಲಿಡಿ. ನಮ್ಮ ಮಕ್ಕಳು ಅಂಕ ಇರುವುದನ್ನು ಕಲಿಯುತ್ತಾರೆ, ನಮ್ಮ ಕಾಲೇಜುಗಳು ಅಂಕ ಇರುವುದನ್ನು ಕಲಿಸುತ್ತವೆ.